ಮುನಿವೆಂಕಟಯ್ಯನವರ ಸೊಂಟ, ಅಂಜನಮ್ಮನವರ ಅಂಗಾಲು

ಮುನಿವೆಂಕಟಯ್ಯನವರು ಕುರ್ಚಿಯಿಂದ ಎದ್ದ ಕೂಡಲೇ ಹೆಜ್ಜೆ ಇಡುವವರಲ್ಲ. ಎದ್ದು ನಿಂತು, ಗಿರಣಿಯ ಕಾಲದ ಖಾಕಿ ಕೋಟಿನ ಜೇಬು ತಡಕಿ, ಕನ್ನಡಕ ತೆಗೆದು, ಒರೆಸಿ, ಧರಿಸಿ, ಗೋಡೆಯ ಗಡಿಯಾರವನ್ನು ನ್ಯಾಯಾಧೀಶರಂತೆ ಪರಿಶೀಲಿಸಿ, ಆಮೇಲೆ ಗಂಭೀರವಾಗಿ ಮುನ್ನಡೆಯುತ್ತಿದ್ದರು. ಅದನ್ನು ಅವರ ಘನತೆಯೆಂದೇ ನಮ್ಮ ಮತ್ತಿಕೆರೆಯ ಬೀದಿ ಬಹುಕಾಲ ನಂಬಿತ್ತು. ಅಸಲಿಗೆ ಬಲಸೊಂಟದ ಕೀಲು ಹಿಡಿದುಕೊಂಡಿರುತ್ತಿತ್ತು. ಅದು ಸಡಿಲಗೊಳ್ಳುವವರೆಗೆ ಹಿರಿಯರು ಹೊತ್ತು ಕಳೆಯುತ್ತಿದ್ದರು.

ಮೂವತ್ತೆರಡು ವರ್ಷ ಹಿಟ್ಟಿನ ಗಿರಣಿಯಲ್ಲಿ ರಾಗಿಮೂಟೆ ಎತ್ತಿದ ಸೊಂಟವದು, ನೋಯುವ ಹಕ್ಕು ಅದಕ್ಕಿತ್ತು. ಅವರಿಗೂ ನೋವಿನ ಬಗ್ಗೆ ತಕರಾರಿರಲಿಲ್ಲ. ಚಿಂತೆಯೇ ಬೇರೆ. ಪತ್ನಿ ಅಂಜನಮ್ಮನವರಿಗೆ ಬಹುವರ್ಷದ ಸಕ್ಕರೆ ಕಾಯಿಲೆ. ಪಾದಗಳಲ್ಲಿ ಸ್ಪರ್ಶವಿಲ್ಲ, ಕಣ್ಣೂ ಮಂಜು. ಹಿಂದೊಮ್ಮೆ ಯಾರಿಗೂ ಕಾಣದ ಗಾಯ ಕೀವಾಗಿ ಎಡಗಾಲಿನ ಕಿರುಬೆರಳು ಹೋಗಿತ್ತು. ಅಂದಿನಿಂದ ಪ್ರತಿ ಬೆಳಿಗ್ಗೆ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು, ಆಕೆಯ ಪಾದ ತೊಳೆದು, ಒರೆಸಿ, ಅಂಗಾಲನ್ನು ಬೆಳಕಿಗೆ ಹಿಡಿದು ನೋಡುವುದು ಇವರ ಕೆಲಸ. ಈಗ ಹಾಗೆ ಕೂತರೆ ಏಳಲಾಗದು, ಕೆಲವು ದಿನ ಕೂರಲೂ ಆಗದು.

"ನನ್ ಕೈಲಿ ಆಗ್ದಿದ್ರೆ ಇವಳ ಕಾಲು ಯಾರು ನೋಡ್ತಾರೆ?" ಎಂದು ಒಮ್ಮೆ ಪಕ್ಕದ ಮನೆಯ ನನ್ನನ್ನೇ ಕೇಳಿದರು.

ವೈದ್ಯರು ದಿನವೂ ನಡೆಯಿರಿ ಎಂದರು. ಬರಿದೇ ನಡೆಯುವುದು ಕೆಲಸವಿಲ್ಲದವರ ಕೆಲಸವೆಂಬುದು ಇವರ ಸಿದ್ಧಾಂತ. ಹಾಗಾಗಿ ಅರಳಿಕಟ್ಟೆಗೆ ನಿತ್ಯ ನೂರೆಂಟು ಪ್ರದಕ್ಷಿಣೆ ಹಾಕತೊಡಗಿದರು. ವ್ಯಾಯಾಮವೂ ಆಯಿತು, ಪುಣ್ಯವೂ ಬಂತು. ತಿಂಗಳಲ್ಲಿ ಪುಣ್ಯ ಎಷ್ಟು ಬಂತೋ ಕಾಣೆ, ಸೊಂಟವಂತೂ ಇನ್ನಷ್ಟು ಬಿಗಿಯಿತು. ಕೊನೆಗೆ ಪಕ್ಕದ ಬೀದಿಯ ಫಿಸಿಯೋಥೆರಪಿಸ್ಟ್ ಪದ್ಮಶ್ರೀಯ ಬಳಿ ಹೋದರು.

"ಯಾವ ಕಡೆ ತಿರುಗ್ತೀರಿ ಅಂಕಲ್?"

"ಬಲಕ್ಕೇ ಕಣಮ್ಮ. ಎಡಕ್ಕೆ ಸುತ್ತೋದು ಸುಡುಗಾಡಲ್ಲಿ."

ಆ ಕಿರಿದಾದ ಕಟ್ಟೆಯ ಸುತ್ತ ಅವರು ದಿನವೂ ನೋಯುವ ಕಾಲಿನ ಮೇಲೇ ತಿರುಗುತ್ತಿದ್ದರೆಂದು ಆಕೆ ಬಿಡಿಸಿ ಹೇಳಿದಳು. ಪ್ರದಕ್ಷಿಣೆ ನಿಂತಿತು. ಎರಡು ಹೊತ್ತು ನೇರ ರಸ್ತೆಯಲ್ಲಿ ಹತ್ತು ಹತ್ತು ನಿಮಿಷದ ನಡಿಗೆ, ಅಂಗಾತ ಮಲಗಿ ಸೊಂಟ ಎತ್ತುವುದು, ಮಗ್ಗುಲಾಗಿ ಮಂಡಿ ತೆರೆದು ಮುಚ್ಚುವುದು ಶುರುವಾಯಿತು. ಗೊಣಗುತ್ತಲೇ ಮಾಡಿದರು, ಒಂದು ದಿನವೂ ತಪ್ಪಿಸಲಿಲ್ಲ. ಎರಡು ತಿಂಗಳಲ್ಲಿ ಗಡಿಯಾರದ ವಿಚಾರಣೆ ಬಹಳ ಚಿಕ್ಕದಾಯಿತು.

ಕುಕ್ಕರಗಾಲು ಮಾತ್ರ ಮರಳಲಿಲ್ಲ. "ಕೆಳಗೆ ಕೂರೋದು ಬಿಟ್ಬಿಡಿ ಅಂಕಲ್. ನೀವು ಕುರ್ಚಿ ಮೇಲೆ ಕೂತ್ಕೊಳ್ಳಿ, ಆಂಟಿ ಮಂಚದ ಮೇಲಿಂದ ಕಾಲನ್ನ ನಿಮ್ಮ ತೊಡೆ ಮೇಲಿಡ್ಲಿ," ಎಂದಳು ಮನೆಗೆ ಬಂದಿದ್ದ ಪದ್ಮಶ್ರೀ. ಅಂಜನಮ್ಮನವರು ಕಿವಿ ಮುಚ್ಚಿಕೊಂಡರು. ನಲವತ್ತೆಂಟು ವರ್ಷ ಭೀಮನ ಅಮಾವಾಸ್ಯೆಯಂದು ಆ ಗಂಡನ ಪಾದಕ್ಕೆ ಅರಿಶಿನ ಕುಂಕುಮ ಹಚ್ಚಿದ ಕೈ ಅವರದು.

"ಕಾಲು ಓಗೋದಾದ್ರೆ ಓಗ್ಲಿ, ಗಂಡನ ತೊಡೆ ಮ್ಯಾಲೆ ಕಾಲಿಡೋ ಅಂತಾ ಪಾಪ ನಂಗೆ ಬ್ಯಾಡ."

ಮೂರು ದಿನ ಅಂಗಾಲನ್ನು ಯಾರೂ ನೋಡಲಿಲ್ಲ. ಆ ಮೂರು ರಾತ್ರಿ ಮುನಿವೆಂಕಟಯ್ಯನವರಿಗೆ ನಿದ್ದೆ ಇರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಮಂಚದ ಪಕ್ಕಕ್ಕೆ ಕುರ್ಚಿ ಎಳೆದು, ತೊಡೆಯ ಮೇಲೆ ಟವೆಲು ಹಾಸಿ ಕೂತರು.

"ಇಷ್ಟು ವರ್ಷ ನೀನು ನನ್ ಕಾಲು ಮುಟ್ಟಿದಾಗ ನಾನು ಬ್ಯಾಡ ಅಂದ್ನಾ? ಇಡು."

ಅಂಜನಮ್ಮನವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಕಾಲು ಚಾಚಿದರು. ಹಿಮ್ಮಡಿಯ ಬಿರುಕಿನಲ್ಲಿ ಒಡೆದ ಬಳೆಯ ಚೂರೊಂದು, ರಾಗಿಕಾಳಿನಷ್ಟು, ಹುದುಗಿ ಸುತ್ತಲೂ ಕೆಂಪಗಾಗಿತ್ತು. ಆಕೆಗೆ ಅದರ ಅರಿವೇ ಇರಲಿಲ್ಲ. ಮುನಿವೆಂಕಟಯ್ಯನವರು ಪಾದವನ್ನು ಹಾಗೇ ಎರಡೂ ಕೈಯಲ್ಲಿ ಹಿಡಿದುಕೊಂಡು, ಆಸ್ಪತ್ರೆಗೆ ಹೋಗಲು ಆಟೋ ಕರೆಯಿರೆಂದು ನನ್ನನ್ನು ಕೂಗಿದರು.

ಇಂಥ ಗಂಡಸರು ನಮ್ಮ ಹಳೆಯ ಊರುಗಳಲ್ಲಿ ಇನ್ನೂ ಇದ್ದಾರೆ. ಪ್ರೀತಿಯನ್ನು ಬಾಯಿಬಿಟ್ಟು ಹೇಳಲು ಅವರಿಗೆ ಬಾರದು, ಮೈಬಗ್ಗಿಸಿ ಮಾಡಿ ತೋರಿಸುತ್ತಾರೆ. ಮೈ ಬಗ್ಗದ ದಿನ ಬಂದಾಗ ಒಂದಷ್ಟು ಹೊತ್ತು ಕಂಗಾಲಾಗಿ, ಆಮೇಲೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ.