ಅರ್ಧ ರಸ್ತೆಗೆ ಡಾಂಬರು

ದೊಡ್ಡವಳು ನೆಲದ ಮೇಲೆ ಕೂತು ಅಮ್ಮನ ಕಾಲಿಗೆ ಕಾಲುಚೀಲ ಹಾಕುತ್ತಿದ್ದಳು. ಬಲಗಾಲು ಹೇಳಿದ ಮಾತು ಕೇಳುತ್ತದೆ. ಎಡಗಾಲಿನ ಬೆರಳುಗಳನ್ನು ಮಾತ್ರ ಒಂದೊಂದಾಗಿ ಒಳಗೆ ತೂರಿಸಿ, ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಎಳೆಯಬೇಕು. ಅಮ್ಮ ಗೋಡೆ ನೋಡುತ್ತಿದ್ದಳು. ಎದ್ದಾಗಿನಿಂದ ಇಬ್ಬರೂ ಒಂದು ಮಾತೂ ಆಡಿರಲಿಲ್ಲ. ಈ ಹೊತ್ತಿನಲ್ಲಿ ಬಾಯಿ ತೆರೆದರೆ ಮಾತಿಗೆ ಮಾತು ಬೆಳೆದು ಹೊರಡುವುದು ತಡವಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಷೂ ದಾರ ಬಿಗಿದು, ಸ್ವೆಟರಿನ ಗುಂಡಿ ಹಾಕಿ, ದೊಡ್ಡವಳು ಗಾಲಿಕುರ್ಚಿಯ ಬ್ರೇಕು ಬಿಡಿಸಿದಳು.

ಮನೆ ಮುಂದಿನ ರಸ್ತೆಯ ನಟ್ಟನಡುವೆ ಎರಡು ಊರುಗಳ ಗಡಿ. ಹೊಸಬರ ಕಣ್ಣಿಗೆ ಅದು ಒಂದೇ ಬೀದಿ. ಇಲ್ಲಿದ್ದವರಿಗೆ ಹಾಗಲ್ಲ. ಈ ಕಡೆಯ ಕಸದ ಡಬ್ಬ ಹಸಿರು, ಆ ಕಡೆಯದು ನೀಲಿ. ಈ ಕಡೆ ನಲ್ಲಿಯಲ್ಲಿ ನೀರು ಬಂದಾಗ ಆ ಕಡೆಯವರು ಒಣಗಿದ ಬಾಯಲ್ಲಿ ನೋಡುತ್ತಾರೆ. ಆ ಕಡೆ ದೀಪ ಉರಿದಾಗ ಈ ಕಡೆಯವರು ಕಿಟಕಿ ಪರದೆ ಎಳೆದುಕೊಳ್ಳುತ್ತಾರೆ. ಹೋದ ವರ್ಷ ಆ ಊರಿನವರು ಹೊಸ ಡಾಂಬರು ಹಾಕಿಸಿದಾಗ ಚಾಕುವಿನಿಂದ ಕೊಯ್ದ ಹಾಗೆ ಅರ್ಧ ರಸ್ತೆಗೆ ನಿಲ್ಲಿಸಿದ್ದರು. ಉಳಿದರ್ಧಕ್ಕೆ ಈ ಊರಿನವರು ಇವತ್ತು ಹಾಕುತ್ತೇವೆ, ನಾಳೆ ಹಾಕುತ್ತೇವೆ ಎನ್ನುತ್ತಲೇ ಇದ್ದರು. ಹೀಗಾಗಿ ರಸ್ತೆಯ ಮಧ್ಯೆ ಎರಡು ಬೆರಳೆತ್ತರದ ಅಂಚು. ಕುರ್ಚಿಯ ಮುಂದಿನ ಸಣ್ಣ ಗಾಲಿಗಳು ದಿನವೂ ಅಲ್ಲೇ ಕಚ್ಚಿಕೊಳ್ಳುತ್ತಿದ್ದವು.

ದೊಡ್ಡವಳು ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ಮೊಣಕಾಲು ಕೊಟ್ಟು ನೂಕಿದಳು. ಹತ್ತಲಿಲ್ಲ. ಹಿಂದಿನಿಂದ ಸ್ಕೂಟರಿನ ಹಾರನ್ ಕೇಳಿಸಿತು.

"ಏನಮ್ಮಾ, ರಸ್ತೆ ಮಧ್ಯೆ ಸಂಸಾರ ಹೂಡಿದ್ದೀರಾ?"

"ಹೂಡಿದ ದಿನ ಊಟಕ್ಕೆ ಕರೀತೀನಿ. ಈಗ ದಾಟೋಕೆ ಬಿಡಪ್ಪ," ಎಂದಳು ಅಮ್ಮ. ಅದು ಅವಳ ಆ ದಿನದ ಮೊದಲ ಮಾತು. ದೊಡ್ಡವಳು ಹಲ್ಲು ಕಚ್ಚಿ ಇನ್ನೊಮ್ಮೆ ನೂಕಿದಳು. ಕುರ್ಚಿ ಎಗರಿ ಆಚೆ ಊರಿಗೆ ಬಿತ್ತು.

ಎದುರು ಮನೆ ದೊಡ್ಡವಳ ತಂಗಿ ಚಿಕ್ಕವಳದು. ಪಾರ್ಶ್ವವಾಯು ಬಡಿದವರಿಗೆ ಕೈಕಾಲಿನ ವ್ಯಾಯಾಮ ಮಾಡಿಸುವ ಕೇಂದ್ರ ಇದ್ದದ್ದು ಆಚೆ ಊರಿನಲ್ಲಿ. ಅಲ್ಲಿಗೆ ಕರೆದೊಯ್ಯುವ ವ್ಯಾನು ಆ ಊರಿನವರಿಗೆ ಮಾತ್ರ. ಅದಕ್ಕೇ ಅಮ್ಮ ದಿನಾ ಬೆಳಿಗ್ಗೆ ಚಿಕ್ಕವಳ ವರಾಂಡದಲ್ಲಿ, ಅಲ್ಲೇ ಹುಟ್ಟಿ ಬೆಳೆದವಳ ಹಾಗೆ, ಕೂತಿರುತ್ತಿದ್ದಳು. ನೋಡಿದವರು ನಂಬಲಿ ಎಂದು ಅಮ್ಮನ ಹಳೇ ಚಪ್ಪಲಿಯನ್ನೂ ಒಂದು ಟವೆಲನ್ನೂ ಅಲ್ಲಿ ತಂದಿಟ್ಟಿದ್ದರು. ಮಧ್ಯಾಹ್ನ ವ್ಯಾನು ವಾಪಸು ಬಿಟ್ಟಾಗ ದೊಡ್ಡವಳು ಬಂದು ರಸ್ತೆ ದಾಟಿಸಿಕೊಂಡು ಹೋಗುತ್ತಿದ್ದಳು. ನಡುವಿನ ಹೊತ್ತಿನಲ್ಲಿ ಅವಳು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಅಂಗಿಗಳ ಕಾಲರಿಗೆ ಇಸ್ತ್ರಿ ಹಾಕುತ್ತಿದ್ದಳು. ವ್ಯಾನಿದ್ದರೆ ಕೆಲಸ, ಕೆಲಸವಿದ್ದರೆ ಮನೆ. ಅಮ್ಮ ಈಗ ಕಂಬಿ ಹಿಡಿದು ಎದ್ದು ನಿಲ್ಲುತ್ತಿದ್ದಳು. ಹೀಗೇ ಬರುತ್ತಿದ್ದರೆ ಕೋಲು ಹಿಡಿದು ನಡೆದಾಳು ಎಂದು ವ್ಯಾಯಾಮ ಮಾಡಿಸುವಾಕೆ ಹೇಳಿದ್ದಳು.

"ಗಾಲಿ ಒರೆಸಿದ್ಯಾ ಅಕ್ಕಾ?" ಬಾಗಿಲಲ್ಲೇ ನಿಂತು ಚಿಕ್ಕವಳು ಕೇಳಿದಳು. "ನಿನ್ನೆ ಟೈಲ್ಸ್ ಮೇಲೆಲ್ಲ ನಿಮ್ಮೂರಿನ ಮಣ್ಣು."

"ನಿಮ್ಮೂರಿನ ಡಾಂಬರು ಎತ್ತರ ಇಟ್ಕೊಂಡಿದ್ದೀರಲ್ಲ, ಅದಕ್ಕೇ ಅಲ್ಲಿ ಕಚ್ಚಿದ ಮಣ್ಣು ಇಲ್ಲಿ ಉದುರುತ್ತೆ," ಎಂದಳು ಅಮ್ಮ.

"ನೋಡು, ಶುರುವಾಯ್ತು."

"ಅಮ್ಮ, ವ್ಯಾನ್ ಬರೋವರೆಗೂ ಸುಮ್ನಿರಮ್ಮ. ಅಷ್ಟೇ ಕೇಳೋದು ನಾನು," ದೊಡ್ಡವಳು ಬಗ್ಗಿ ಗಾಲಿ ಒರೆಸತೊಡಗಿದಳು.

ಸುಮ್ಮನಿರುವುದು ಅಮ್ಮನ ಜಾಯಮಾನವಲ್ಲ. ತನ್ನ ಊರಿಗೆ ಒಂದು ಈಜುಕೊಳ ಇದ್ದ ಕಾಲದಲ್ಲಿ ಅವಳು ಅದರ ಟಿಕೆಟ್ ಕಿಂಡಿಯಲ್ಲಿ ಕೂರುತ್ತಿದ್ದಳು. ಊರಿನವರಿಗೆ ಅರ್ಧ ದರ, ಆಚೆಯವರಿಗೆ ಪೂರ್ತಿ. ಒದ್ದೆಯಾಗುವ ಆಸೆಗೆ ಆಚೆಯವರೂ ಈಚೆಯವರೆಂದು ಹೇಳಿಕೊಂಡು ಬರುತ್ತಿದ್ದರು. "ನಿಮ್ಮ ಬೀದೀಲಿ ಕಸದ ಗಾಡಿ ಯಾವತ್ತಪ್ಪ ಬರೋದು?" ಎಂದು ಅಮ್ಮ ನಗುನಗುತ್ತಾ ಕೇಳುತ್ತಿದ್ದಳು. ತಡವರಿಸಿದವನು ಪೂರ್ತಿ ದುಡ್ಡು ಬಿಚ್ಚಬೇಕಿತ್ತು. ಹಾಗೆ ಸಿಕ್ಕಿಬಿದ್ದವರಲ್ಲಿ ಒಬ್ಬ ಆಮೇಲೆ ಅವಳ ಕಿರಿಯ ಅಳಿಯನೇ ಆದ. ಎರಡೂ ಊರನ್ನು ಒಂದು ಮಾಡುವ ಮಾತು ಬಂದಾಗಲೂ ಅಮ್ಮ ಮನೆಮನೆ ಹತ್ತಿಳಿದು ಬೇಡವೇ ಬೇಡ ಎಂದು ಜನರನ್ನು ಎಬ್ಬಿಸಿದ್ದಳು. ಊರುಗಳು ಒಂದಾಗಲಿಲ್ಲ. ಈಜುಕೊಳ ಮುಚ್ಚಿ ಅಲ್ಲಿ ಕಾರು ನಿಲ್ಲಿಸುತ್ತಿದ್ದರು. ಒಂದಾಗಿದ್ದರೆ ವ್ಯಾನು ನೇರ ನಮ್ಮ ಗೇಟಿಗೇ ಬರುತ್ತಿತ್ತಲ್ಲ ಎಂದು ದೊಡ್ಡವಳು ಆ ಅಂಚಿನ ಮೇಲೆ ಕುರ್ಚಿ ಎತ್ತುವಾಗಲೆಲ್ಲ ಅಂದುಕೊಳ್ಳುತ್ತಿದ್ದಳು. ಬಾಯಿಬಿಟ್ಟು ಅಂದಿರಲಿಲ್ಲ.

ವ್ಯಾನು ಬಂತು. ಎಲ್ಲರಿಗೂ ಬೆಲ್ಟು ಬಿಗಿಯುವ ಹೆಂಗಸು ಎಂದಿನಂತೆ ಇಳಿದಳು. ಅವಳಿಗೆ ಎಲ್ಲ ಗೊತ್ತಿತ್ತು. ಮಳೆ ಬಂದ ದಿನ ಕುರ್ಚಿಯ ಒದ್ದೆ ಗುರುತು ಎದುರು ಗೇಟಿನಿಂದ ಇಲ್ಲಿಯವರೆಗೂ ಎಳೆದ ಹಾಗೆ ಬಿದ್ದಿತ್ತು. ಅವಳು ಅದನ್ನು ತುಳಿದುಕೊಂಡೇ ಬಂದು, "ಹೊರಡೋಣ್ವಾ ಅಜ್ಜಿ?" ಎಂದಿದ್ದಳು. ಅವಳು ಕೇಳಲಿಲ್ಲ, ಇವರು ಹೇಳಲಿಲ್ಲ. ವ್ಯವಹಾರ ಸುಸೂತ್ರವಾಗಿ ನಡೆದಿತ್ತು.

ಇವತ್ತು ಅವಳ ಹಿಂದೆಯೇ ಕ್ಯಾಮೆರಾ ನೇತುಹಾಕಿಕೊಂಡ ಗುಂಡುಮೈಯ ಒಬ್ಬ ಇಳಿದ. ಎರಡೂ ಊರಿನವರು ಸೇರಿ ಪುಸ್ತಿಕೆ ತರುತ್ತಾರಂತೆ. ಅದಕ್ಕೆ ಎರಡು ಊರುಗಳ ಪರಿಚಯ ಬರೆಯುವವನಂತೆ.

"ನಮಸ್ಕಾರ ಅಮ್ಮ. ಹಳಬರ ಬಾಯಿಂದ ಎರಡು ಮಾತು ಬೇಕಿತ್ತು. ನಿಮ್ಮಂಥವರೇ ಅಲ್ವಾ ಊರಿನ ಆಸ್ತಿ?"

"ಅವರಿಗೆ ಮಾತಾಡಿದ್ರೆ ಸುಸ್ತಾಗುತ್ತೆ," ಎಂದಳು ದೊಡ್ಡವಳು.

"ನನಗೇನೂ ಸುಸ್ತಿಲ್ಲ."

"ಒಂದೇ ಪ್ರಶ್ನೆ," ಅವನು ಫೋನನ್ನು ಅಮ್ಮನ ಬಾಯಿಯ ಹತ್ತಿರ ಹಿಡಿದ. "ನಿಮ್ಮೂರಲ್ಲಿ ನಿಮಗೆ ತುಂಬಾ ಇಷ್ಟವಾದದ್ದೇನು? ನೋಡಿ, ಕನ್ನಡಿ ಥರ ರಸ್ತೆ, ಬೆಳ್ಳನೆ ದೀಪ! ಎದುರಿನ ಊರು ನೋಡಿದ್ರೆ ಪಾಪ ಅನ್ಸುತ್ತೆ. ಗುಂಡಿಗಳು, ತುಕ್ಕು ಹಿಡಿದ ಗೇಟುಗಳು... ಇಂಥ ಊರಲ್ಲಿದ್ದೀನಿ ಅಂತ ನಿಮಗೆ ಹೆಮ್ಮೆ ಇರ್ಬೇಕಲ್ಲ?"

ದೊಡ್ಡವಳು ಅಮ್ಮನ ಹೆಗಲ ಮೇಲೆ ಕೈಯಿಟ್ಟು ಒತ್ತಿದಳು. ಅಮ್ಮ ಬಲಗೈಯಿಂದ ಆ ಕೈಯನ್ನು ಸರಿಸಿದಳು.

"ಇದು ನನ್ನೂರಲ್ಲಪ್ಪ."

"ಆಂ?"

"ನನ್ನೂರು ಅದು. ತುಕ್ಕು ಹಿಡಿದಿದೆ ಅಂದ್ಯಲ್ಲ, ಆ ಗೇಟು ನಂದೇ. ಇಲ್ಲಿ ನಾನು ಒಂದು ರಾತ್ರಿನೂ ಮಲಗಿದವಳಲ್ಲ. ಸರಿಯಾಗಿ ಬರ್ಕೋ."

ಬೆಲ್ಟಿನ ಹೆಂಗಸಿನ ಕೈ ನಿಂತಲ್ಲೇ ನಿಂತಿತು. ಚಿಕ್ಕವಳು ಓಡಿಬಂದಳು. "ಅವರಿಗೆ ಮರೆವು ಸಾರ್. ಏನೇನೋ ಹೇಳ್ತಾರೆ."

"ಮರೆವು ನಿಮ್ಮಪ್ಪನಿಗಿತ್ತು, ನನಗಲ್ಲ."

"ಆಹಾ, ಎಂಥಾ ಮಾತು!" ಪುಸ್ತಿಕೆಯವನ ಮುಖ ಅರಳಿತ್ತು. "ಊರಾಭಿಮಾನ ಅಂದ್ರೆ ಇದು!"

ಅಷ್ಟರಲ್ಲಿ ವ್ಯಾನಿನ ಕಿಟಕಿಯಿಂದ ಒಬ್ಬ ಮುದುಕನ ತಲೆ ಹೊರಬಂತು. "ಏನಮ್ಮಾ ಇದು? ನಮ್ಮ ತಂಗಿ ಹೆಸರು ಕೊಟ್ಟು ಎಷ್ಟು ದಿನ ಆಯ್ತು, ಸೀಟಿಲ್ಲ, ಸೀಟಿಲ್ಲ ಅಂತೀರಿ. ಆಚೆಯವರನ್ನ ಕೂರಿಸ್ಕೊಂಡು ಓಡಾಡ್ತಿದ್ದೀರಾ?"

ಒಳಗಿದ್ದ ಇನ್ನಿಬ್ಬರು ದನಿಗೂಡಿಸಿದರು. ಡ್ರೈವರ್ ಎದುರಿನ ಗಾಜನ್ನೇ ನೋಡುತ್ತಾ ಕೂತಿದ್ದ. ಬೆಲ್ಟಿನ ಹೆಂಗಸು ದೊಡ್ಡವಳ ಹತ್ತಿರ ಬಂದು ದನಿ ತಗ್ಗಿಸಿದಳು.

"ನಾನೊಬ್ಬಳೇ ಆಗಿದ್ರೆ ಕೇಳಿಸ್ಲಿಲ್ಲ ಅಂತಿದ್ದೆ ಕಣಕ್ಕ. ಈಗ ಹೇಗೆ ಹೇಳ್ಲಿ? ನನ್ನ ಕೆಲಸನೂ ಹೋಗುತ್ತೆ."

"ನಾಳೆ ಬರ್ತೀರಾ?"

ಅವಳು ಇಲ್ಲವೆಂದು ತಲೆಯಾಡಿಸಿ ವ್ಯಾನು ಹತ್ತಿಕೊಂಡಳು. "ಎಲ್ಲಿ ಅಮ್ಮ, ಒಂದು ಫೋಟೋ," ಎಂದು ಪುಸ್ತಿಕೆಯವನು ಅಮ್ಮನ ಚಿತ್ರ ಹಿಡಿದು, ಬೆಲ್ಟಿನ ಹೆಂಗಸಿನ ಹಿಂದೆಯೇ ಹತ್ತಿದ. ವ್ಯಾನು ನುಣುಪಾದ ರಸ್ತೆಯ ಮೇಲೆ ಸದ್ದಿಲ್ಲದೆ ಹೋಯಿತು.

ದೊಡ್ಡವಳಿಗೆ ಕೂಗಬೇಕೆನಿಸಿತು. ಅಂಗಡಿಯಲ್ಲಿ ಕಾಲರುಗಳು ಕಾಯುತ್ತಿದ್ದವು. ತಡವಾದರೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡುವ ಯಜಮಾನ.

"ಒಂದು ಸುಳ್ಳು! ಅದನ್ನೂ ನೀನು ಹೇಳ್ಬೇಕಿರ್ಲಿಲ್ಲ, ಸುಮ್ನಿದ್ರೆ ಸಾಕಿತ್ತು. ಈ ಕಾಲು ಎದ್ದು ನಡೀಲಿ ಅಂತ ನಾನು ಸೊಂಟ ಮುರ್ಕೊಂಡ್ರೆ, ನಿನಗೆ ಊರೇ ದೊಡ್ಡದಾಯ್ತಾ?"

"ಪಾಪ ಅಂದನಲ್ಲೇ ಅವನು," ಎಂದಳು ಅಮ್ಮ. "ನಮ್ಮೂರನ್ನ ಪಾಪ ಅಂದ."

"ಅಂದ್ರೆ ಅನ್ಲಿ! ಆ ಊರು ನಿನ್ನ ಕುರ್ಚಿ ಎತ್ತುತ್ತಾ?"

ದೊಡ್ಡವಳು ತಂಗಿಯ ಕಡೆ ತಿರುಗಿದಳು. "ಅಮ್ಮ ಇಲ್ಲೇ ಇದ್ದುಬಿಟ್ರೆ ಸುಳ್ಳೇ ಬೇಕಾಗಲ್ಲ. ನಿಜವಾಗ್ಲೂ ನಿಮ್ಮನೇಲೇ ಇದ್ರೆ ಯಾರೇನು ಅಂತಾರೆ?"

"ನನಗೇನಕ್ಕ, ಇರ್ಲಿ," ಚಿಕ್ಕವಳು ಬೇಗಬೇಗ ಹೇಳಿದಳು. "ಕೆಳಗಿನ ರೂಮಲ್ಲಿ ಇವರ ರಿಪೇರಿ ಮೆಷಿನ್ನುಗಳು. ಅದೂ ಹೋಗ್ಲಿ, ಅಮ್ಮ ಒಪ್ಪಬೇಕಲ್ಲ? ಅವಳ ಹಟ ನಿನಗೆ ಗೊತ್ತಿಲ್ವಾ?"

"ಗೊತ್ತು. ಒಪ್ಪಲ್ಲ."

"ಒಪ್ಪಿದ್ರೆ ನಾನು ಬೇಡ ಅಂತಿದ್ನಾ?"

"ನಾನು ಕೇಳೋದು ಬಿಟ್ಟೇ ಎಷ್ಟೋ ದಿನ ಆಯ್ತು."

ಅಷ್ಟು ಹೊತ್ತಿನಲ್ಲಿ ಅಕ್ಕತಂಗಿಯರು ಒಮ್ಮತಕ್ಕೆ ಬಂದದ್ದು ಈ ಒಂದು ವಿಷಯದಲ್ಲಿ ಮಾತ್ರ. ಇಬ್ಬರ ದನಿಯೂ ಸ್ವಲ್ಪ ತಣ್ಣಗಾಯಿತು. ಗದ್ದಲ ಕೇಳಿ ಚಿಕ್ಕವಳ ಗಂಡ ಸ್ಕ್ರೂಡ್ರೈವರ್ ಹಿಡಿದೇ ಬಾಗಿಲಿಗೆ ಬಂದ. ಮಾತಿನ ಕೊನೆಯಷ್ಟೇ ಅವನಿಗೆ ಕೇಳಿಸಿತ್ತು. "ಅತ್ತೆ ಮತ್ತೆ ಏನು ಮಾಡಿದ್ರು?" ಎಂದ.

ಅಮ್ಮ ತನ್ನ ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡಳು. ರಸ್ತೆಯಾಚೆಯ ತನ್ನ ಮನೆಯ ಕಡೆ ಒಮ್ಮೆಯೂ ನೋಡಲಿಲ್ಲ. ಬಾಗಿಲಾಚೆ ಒಳಗೆ, ಅಳಿಯನ ಕಾಲುಗಳ ಸಂದಿನಲ್ಲಿ ಕಾಣುತ್ತಿದ್ದ ಕೆಳಗಿನ ರೂಮನ್ನು, ಅಲ್ಲಿ ಒಂದರ ಮೇಲೊಂದು ನಿಂತ ಬಟ್ಟೆ ಒಗೆಯುವ ಮೆಷಿನ್ನುಗಳನ್ನು ನೋಡಿದಳು.

"ಅಳಿಯಂದಿರೇ," ಎಂದಳು. ದನಿ ಟಿಕೆಟ್ ಕಿಂಡಿಯ ಹೆಂಗಸಿನದಾಗಿರಲಿಲ್ಲ. "ಆ ಮೂಲೇಲಿ ಒಂದು ಮಂಚ ಹಿಡಿಯುತ್ತೆ."

ಅವನು ಹೆಂಡತಿಯನ್ನು ನೋಡಿದ. ಹೆಂಡತಿ ಅಕ್ಕನನ್ನು ನೋಡಿದಳು. ದೊಡ್ಡವಳು ಎರಡೂ ಕೈಗಳಿಂದ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಯಾರೂ ಅದನ್ನು ಎಳೆಯುತ್ತಿರಲಿಲ್ಲ.

"ನನ್ನನ್ನ ಇಲ್ಲೇ ಇಟ್ಕೊಳ್ಳಿ," ಎಂದಳು ಅಮ್ಮ.

ರಸ್ತೆಯಲ್ಲಿ ಯಾರದೋ ಸೈಕಲ್ಲು ಆ ಅಂಚಿಗೆ ತಾಗಿ ಕುಲುಕಿ, ಮುಂದೆ ಹೋಯಿತು.