ಗಳದ ತುದಿಯ ಕೆಂಪು ಬಟ್ಟೆ

"ಇನ್ನೂ ಸ್ವಲ್ಪ ಮೇಲಕ್ಕೆತ್ತಯ್ಯಾ! ಹಾಂ, ಅಷ್ಟೇ, ಅಲ್ಲಾಡಿಸಬೇಡ!" ಸಮಿತಿಯವನು ಬೀದಿಯ ನಡುವೆ ನಿಂತು ಕೂಗಿದ. ಎದುರುಮನೆಯ ಹೆಂಚಿನ ಹಿಂದೆಲ್ಲಿಂದಲೋ ಬಡಗಿ "ಆಯ್ತು ಸಾರ್" ಎಂದ. ಅವನು ಎತ್ತಿ ಹಿಡಿದಿದ್ದ ಬಿದಿರಿನ ಗಳವಾಗಲಿ, ಅದರ ತುದಿಗೆ ಕಟ್ಟಿದ್ದ ಕೆಂಪು ಬಟ್ಟೆಯಾಗಲಿ ಅಕ್ಕನಿಗೆ ಕಾಣಲಿಲ್ಲ. ತನ್ನ ಮನೆಯ ಹೊಸ್ತಿಲ ಮೇಲೆ ನಿಂತು ಕಣ್ಣು ಕಿರಿದು ಮಾಡಿ ನೋಡಿದಳು. ಹೆಂಚು, ಹೆಂಚಿನ ಮೇಲೊಂದು ಪಾರಿವಾಳ, ಆಮೇಲೆ ಬರೀ ಆಕಾಶ. ಆ ಸುಡುಗಾಡು ಬಟ್ಟೆ ಎಲ್ಲಿ ಹೋಯಿತೋ!

ಆ ಬೀದಿಯ ಮನೆಗಳೆಲ್ಲ ನೂರು ವರ್ಷ ದಾಟಿದವು. ಬಾಗಿಲಿಗೆ ಬೇರೆ ಬಣ್ಣ ಬಳಿಯಬೇಕೆಂದರೂ ಹಳೆಮನೆ ಉಳಿಸುವ ಸಮಿತಿಯ ಒಪ್ಪಿಗೆ ಬೇಕು. ಇನ್ನು ಮೇಲೊಂದು ಕೋಣೆ ಕಟ್ಟುವುದಾದರೆ ಅದು ಎದುರುಮನೆಯ ಹೊಸ್ತಿಲಿಗೆ ಕಾಣಕೂಡದು. ಕಂಡರೆ ಅರ್ಜಿ ಅಲ್ಲಿಗೇ ಮುಗಿಯಿತು. ಕೋಣೆ ಎಷ್ಟೆತ್ತರ ಬರುತ್ತದೋ ಅಷ್ಟೆತ್ತರಕ್ಕೆ ಗಳ ಹಿಡಿಯಬೇಕು, ಎದುರುಮನೆಯವರು ನೋಡಿ ಸಹಿ ಹಾಕಬೇಕು. ಸಮಿತಿಯವನೇ ನೋಡಬಹುದಲ್ಲ ಎಂದರೆ, ಅವನೂ ಗಳದಂತೆ ಉದ್ದನೆಯ ಆಳು. "ನನ್ನ ಕಣ್ಣು ಲೆಕ್ಕಕ್ಕಿಲ್ಲಮ್ಮಾ. ದಿನಾ ಇಲ್ಲಿಂದ ನೋಡೋರು ನೀವು," ಎಂದು ಬಂದ ಕೂಡಲೇ ಹೇಳಿದ್ದ.

ಈಗ ಗಳ ಎತ್ತಿದ್ದ ಮನೆ ತಂಗಿಯದು. ಕೋಣೆ ಅಮ್ಮನಿಗೆ.

ಅಮ್ಮ ಹನ್ನೊಂದು ವರ್ಷದಿಂದ ಅಕ್ಕನ ಜೊತೆಗಿದ್ದಳು. ಮುಂದಿನ ಕೋಣೆಯಲ್ಲೇ ಅಕ್ಕನ ಹೊಲಿಗೆ ಮೆಷಿನ್ನು, ಅದರ ಹಿಂದೆ ಅಮ್ಮನ ಮಂಚ. ಸ್ನಾನ ಮಾಡಿಸಿದ್ದು, ತಲೆ ಬಾಚಿದ್ದು, ಮಾತ್ರೆ ಮರೆಯದೆ ಕೊಟ್ಟಿದ್ದು ಎಲ್ಲ ಅಕ್ಕ. ತಂಗಿ ಸಂಜೆ ಬೀದಿ ದಾಟಿ ಬರುವಳು, ಹತ್ತು ನಿಮಿಷ ಕೂತು ಏನಾದರೂ ಹೇಳಿ ನಗಿಸಿ ಹೋಗುವಳು. ಊಟಕ್ಕೆ ಕೂತಾಗಲೂ ಅಮ್ಮ ಅದನ್ನೇ ನೆನೆಸಿಕೊಂಡು ನಗುತ್ತಿದ್ದಳು. ತಾನು ಯಾವತ್ತಾದರೂ ಅಮ್ಮನನ್ನು ಹಾಗೆ ನಗಿಸಿದ್ದುಂಟೇ ಎಂದು ಅಕ್ಕ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುತ್ತಿರಲಿಲ್ಲ. ಹೊಟ್ಟೆಕಿಚ್ಚೇ, ಸುಳ್ಳೇಕೆ ಹೇಳಬೇಕು? ಆ ನಗು ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಕೋಣೆಯ ಮಾತೆತ್ತಿದ ದಿನ ತಂಗಿ, "ಅಕ್ಕಾ, ನಿಂಗೂ ಸ್ವಲ್ಪ ಬಿಡುವು ಸಿಗುತ್ತೆ," ಎಂದಿದ್ದಳು.

"ನಾನೇನು ಬಿಡುವು ಕೇಳಿದ್ನಾ?"

"ನೀನು ಕೇಳೋಳಲ್ಲ ಬಿಡು. ಈ ಗಡಗಡ ಸದ್ದಲ್ಲಿ ಅಮ್ಮಂಗೆ ಮಧ್ಯಾಹ್ನ ನಿದ್ದೇನೇ ಇಲ್ಲ."

ಅಕ್ಕ ಅಮ್ಮನ ಕಡೆ ತಿರುಗಿದಳು. ಬೇಡ ಅಂದೇ ಅನ್ನುತ್ತಾಳೆ ಎಂದುಕೊಂಡಿದ್ದಳು. ಅಮ್ಮ ಅಂಗಿಯ ಗುಂಡಿಗಳನ್ನು ಬಣ್ಣ ನೋಡಿ ಆರಿಸುತ್ತಿದ್ದವಳು, ತಲೆಯೆತ್ತದೆ, "ಮೇಲ್ಗಡೆ ಗಾಳಿ ಚೆನ್ನಾಗಿರುತ್ತೆ," ಎಂದಳು.

"ಏನಮ್ಮಾ, ಕಾಣುತ್ತಾ?" ಸಮಿತಿಯವನು ಅರ್ಜಿ ಹಿಡಿದು ಮೆಟ್ಟಿಲ ಬಳಿ ಬಂದ.

"ಇರಿ, ನೋಡ್ತಿದೀನಿ. ಅವಸರ ಮಾಡಿದ್ರೆ ಹೇಗೆ?"

ಎದುರು ಬಾಗಿಲಲ್ಲಿ ತಂಗಿ ಎರಡೂ ಕೈ ಗಲ್ಲಕ್ಕೊತ್ತಿಕೊಂಡು ಇವಳ ಮುಖವನ್ನೇ ನೋಡುತ್ತಿದ್ದಳು. ಸಮಿತಿಯವನು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದ. ಕಾಲನ್ನು ಯಾರು ನೋಡುತ್ತಾರೆ? ಅಕ್ಕ ಬಾಗಿಲ ಚೌಕಟ್ಟು ಹಿಡಿದು ಮೆಲ್ಲಗೆ ತುದಿಗಾಲಲ್ಲಿ ನಿಂತಳು. ಹೆಂಚಿನ ಅಂಚಿನಾಚೆ ಕೆಂಪು ಚೂರೊಂದು ಇಣುಕಿತು. ಸದ್ಯ, ಸುಳ್ಳು ಹೇಳುವ ಕೆಲಸವೂ ತಪ್ಪಿತು! ಕಂಡದ್ದನ್ನು ಕಂಡೆ ಎಂದರೆ ಯಾರು ಏನು ಕೇಳಿಯಾರು? ಹೇಳಲು ಬಾಯಿ ತೆರೆದಳು.

ಆಗ ಹಿಮ್ಮಡಿಗೆ ಏನೋ ತಗುಲಿತು. ಅಮ್ಮ ಯಾವಾಗ ಮಂಚ ಇಳಿದು ಬಾಗಿಲ ಹಿಂದೆ ಬಂದು ಕೂತಿದ್ದಳೋ! ಅವಳ ಎರಡು ಅಂಗೈಗಳೂ ಅಕ್ಕನ ಎರಡು ಹಿಮ್ಮಡಿಗಳ ಮೇಲಿದ್ದವು.

"ಇಳಿಸು. ಕಾಲು ನೋಯುತ್ತೆ," ಎಂದಳು ಅಮ್ಮ, ಇವಳಿಗಷ್ಟೇ ಕೇಳುವಂತೆ.

ಅಕ್ಕ ತಿರುಗಲಿಲ್ಲ. "ಹೋಗ್ತೀಯಾ ನೀನು?"

"ಹ್ಞೂಂ."

"ನಾನೇನು ಕಮ್ಮಿ ಮಾಡಿದ್ದೆ?"

"ಏನೂ ಇಲ್ಲ ಕಣೇ."

ಆ ಕೈಗಳಲ್ಲಿ ಒತ್ತುವ ಬಲವೆಲ್ಲಿತ್ತು? ಒದರಿಕೊಂಡರೆ ಬಿಟ್ಟುಹೋಗುತ್ತಿದ್ದವು. ಅಕ್ಕ ಮತ್ತೊಂದು ಗಳಿಗೆ ಹಾಗೇ ನಿಂತಳು. ಆಮೇಲೆ ಹಿಮ್ಮಡಿ ನೆಲಕ್ಕೂರಿದಳು. ಕೆಂಪು ಚೂರು ಹೆಂಚಿನ ಹಿಂದೆ ಹೋಯಿತು.

"ಇಲ್ಲ, ಕಾಣಲ್ಲ," ಎಂದಳು. ಸಮಿತಿಯವನು ತೋರಿಸಿದ ಕಡೆ ಸಹಿ ಹಾಕಿದಳು. ಕೊನೆಯ ಅಕ್ಷರ ಗೆರೆ ದಾಟಿತು.

ತಂಗಿ ಚಪ್ಪಲಿ ಕೂಡ ಮೆಟ್ಟದೆ "ಅಮ್ಮಾ!" ಎನ್ನುತ್ತ ಬೀದಿ ದಾಟಿ ಓಡಿಬಂದಳು. ಒಳಗೆ ಬರಲು ಅವಳಿಗೆ ದಾರಿ ಬಿಡಬೇಕಿತ್ತು. ಅಕ್ಕ ಬಾಗಿಲಿಂದ ಸರಿಯಲಿಲ್ಲ. ಅಮ್ಮನ ಕೈ ಇನ್ನೂ ಅವಳ ಹಿಮ್ಮಡಿಯ ಮೇಲೇ ಇತ್ತು.