ಎರಡನೆಯ ಸಾಕ್ಷಿ

ಟ್ರಂಕಿನ ಕೀಲಿ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಕೊನೆಗೆ ಮಗಳ ಕೋಣೆಯ ಗೆಳತಿ ವಿಜಯಶ್ರೀ ತನ್ನ ಕೂದಲಿನ ಪಿನ್ನು ತೆಗೆದು ಬೀಗದೊಳಗೆ ತೂರಿಸಿ ತಿರುವಿದಳು. ಬೀಗ ಗುರುತಿನವರ ಕೈಗೆ ಸಿಕ್ಕ ಹಾಗೆ ಸುಮ್ಮನೆ ತೆರೆದುಕೊಂಡಿತು.

"ಪ್ರೀತೀನೂ ಹಿಂಗೇ ತೆಗೀತಿದ್ಳ್ರೀ ಆಂಟಿ. ಕೀಲಿ ಹೋದ ವರ್ಷನೇ ಕಳದಾಳ," ಎಂದು ನಗಲು ಹೋದ ಹುಡುಗಿ, ಯಾರೆದುರು ನಗುತ್ತಿದ್ದೇನೆಂದು ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದಳು.

ಗಾಜಿಪುರದ ಆ ಹಾಸ್ಟೆಲಿನ ಕೋಣೆಯಲ್ಲಿ ಮೂರು ಮಂಚಗಳಿದ್ದವು. ನಡುವಿನ ಮಂಚದ ಹಾಸಿಗೆಯನ್ನು ಸುತ್ತಿ ಗೋಡೆಗೆ ಒರಗಿಸಿದ್ದರು. ಸುಜಾತಾ ನೆಲದ ಮೇಲೆ ಕೂತು ಮಗಳ ಬಟ್ಟೆಗಳನ್ನು ಒಂದೊಂದಾಗಿ ಹೊರಗಿಟ್ಟಳು. ಎಲ್ಲವೂ ಅವಳೇ ಹೊಲಿದವು. ಯಾವ ಕುಪ್ಪಸದ ಕಂಕುಳಲ್ಲಿ ಎಷ್ಟು ಬಟ್ಟೆ ಒಳಗೆ ಮಡಚಿ ಬಿಟ್ಟಿದ್ದೇನೆ, ಮೈ ತುಂಬಿದಾಗ ಯಾವುದನ್ನು ಬಿಚ್ಚಿ ಅಗಲ ಮಾಡಬಹುದು ಎಂಬುದು ಅವಳ ಬೆರಳಿಗೆ ಗೊತ್ತಿತ್ತು. ಬೆರಳು ಅದನ್ನೇ ಹುಡುಕುತ್ತಿತ್ತು. ಪ್ರೀತಿ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಬಚ್ಚಲಲ್ಲಿ ಕಾಲು ಜಾರಿ ಬಿದ್ದಳು, ತಲೆ ಕಲ್ಲಿಗೆ ಬಡಿಯಿತು, ನಲ್ಲಿ ಬಿಟ್ಟಿದ್ದರಿಂದ ಯಾರಿಗೂ ಕೇಳಿಸಲಿಲ್ಲ. ಹಾಸ್ಟೆಲಿನವರು ಹೇಳಿದ್ದು ಇಷ್ಟು. ಕಮಲಾಪುರದಲ್ಲಿ ಎಲ್ಲರೂ ಇದನ್ನೇ ಹೇಳಿಕೊಂಡು ಅತ್ತಿದ್ದರು.

ತಳಕ್ಕೆ ಹಾಸಿದ ಪೇಪರಿನ ಕೆಳಗೆ ಉಣ್ಣೆಯ ಟೋಪಿಯೊಂದಿತ್ತು. ಎತ್ತಿದರೆ ಭಾರ. ಒಳಗೆ ಗುಳಿಗೆಯ ಬೆಳ್ಳಿ ಪಟ್ಟಿಗಳು. ಮಗಳು ಊರಿಗೆ ಬಂದಾಗಲೆಲ್ಲ ಸುಜಾತಾ ಕರವಸ್ತ್ರದಲ್ಲಿ ಸುತ್ತಿ ಕೊಟ್ಟು ಕಳಿಸುತ್ತಿದ್ದ ಫಿಟ್ಸಿನ ಗುಳಿಗೆಗಳವು. ಒಂದು ಗುಳ್ಳೆಯೂ ಒಡೆದಿರಲಿಲ್ಲ.

"ಇವ್ಯಾಕ ಹಿಂಗೇ ಅವ?"

ವಿಜಯಶ್ರೀ ಕಿಟಕಿಯ ಕಡೆ ನೋಡಿದಳು. ಕೆಳಗೆ ಸುಜಾತಾಳ ಗಂಡ ಆನಂದಕುಮಾರ ಟ್ರಂಕು ಕಟ್ಟಲು ಆಟೋದವನ ಹತ್ತಿರ ಹಗ್ಗ ಕೇಳುತ್ತಿದ್ದ.

"ನಾ ಬೈದೀನ್ರೀ ಆಂಟಿ. ಏ ಹುಚ್ಚಿ, ಗುಳಿಗಿ ತಗೋ ಅಂತ ಎಷ್ಟು ಸಲ ಬೈದೀನಿ. ಕೇಳಲಿಲ್ಲ. 'ನಮ್ಮವ್ವ ಚರ್ಚಿನ್ಯಾಗ ಎಲ್ಲಾರ ಮುಂದ ನಿಂತು ಸಾಕ್ಷಿ ಹೇಳ್ಯಾಳ, ನನಗ ಗುಣ ಆಗ್ಯಾದ ಅಂತ. ನಾ ಗುಳಿಗಿ ನುಂಗಿದ್ರ ಅವ್ವನ ಮಾತು ಸುಳ್ಳಾಗಲ್ಲೇನು?' ಅಂತಿದ್ಳು."

"ಆದ್ರ ನಾನೇ ಕೊಡ್ತಿದ್ನಲ್ಲ?"

"ಅದನ್ನೂ ಕೇಳ್ದೆ. 'ನಮ್ಮವ್ವಗ ನಂಬಿಕೀನೂ ಅದ, ಅಂಜಿಕೀನೂ ಅದ. ಆಕಿ ಅಂಜಿಕಿ ನಾ ಯಾಕ ನುಂಗ್ಲಿ?' ಅಂತ ನಕ್ಕಳು." ಹುಡುಗಿ ಪಿನ್ನನ್ನು ಮತ್ತೆ ಕೂದಲಿಗೆ ಸಿಕ್ಕಿಸಿಕೊಂಡಳು. "ಹೋಗೂಕಿಂತ ಮುಂಚೆ ಒಂದು ಸಲ ಇಲ್ಲೇ ಫಿಟ್ಸ್ ಬಂದಿತ್ರೀ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸ್ಕೊಂಡ್ಳು. ದೇವ್ರು ನನಗ ಪರೀಕ್ಷಿ ಮಾಡಾಕತ್ತಾನ, ಪಾಸ್ ಆಗ್ತೀನಿ ನೋಡು ಅಂದ್ಳು."

ಮೆಟ್ಟಿಲ ಮೇಲೆ ಗಂಡನ ಹೆಜ್ಜೆ ಸದ್ದಾಯಿತು. ಸುಜಾತಾ ಟೋಪಿಯನ್ನು ತನ್ನ ಚೀಲಕ್ಕೆ ತುರುಕಿದಳು.

ಹಾಗಾದರೆ ಮಗಳು ಜಾರಿ ಬಿದ್ದವಳಲ್ಲ.

ಬಸ್ಸು ಹುಮನಾಬಾದ ರಸ್ತೆ ಹಿಡಿದಾಗ ಸುಜಾತಾ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸುಗ್ಗಿ ಹಬ್ಬದ ಭಾನುವಾರ ಕಣ್ಣ ಮುಂದೆ ಬಂದು ನಿಂತಿತ್ತು. ಅವತ್ತು ಕಮಲಾಪುರದ ಚರ್ಚಿಗೆ ಜನ ತಮ್ಮ ಹೊಲದ ಮೊದಲ ಬೆಳೆ ತಂದು ಅರ್ಪಿಸುತ್ತಾರೆ. ಜೋಳದ ತೆನೆ, ತೊಗರಿ ಗಿಡ, ಆಳೆತ್ತರದ ಕೆಂಪು ಬಾಳೆಗೊನೆ. ಹೊಲವಿಲ್ಲದವರು ಸಾಕ್ಷಿ ತರುತ್ತಾರೆ, ದೇವರು ತಮಗೆ ಮಾಡಿದ್ದನ್ನು ಸಭೆಯೆದುರು ಎದ್ದು ಹೇಳುತ್ತಾರೆ. ಸುಜಾತಾಳಿಗೆ ಹೊಲವಿರಲಿಲ್ಲ. ಎದ್ದು ನಿಂತು, ಹುಟ್ಟಿದಾಗಿನಿಂದ ಮಗಳಿಗಿದ್ದ ಫಿಟ್ಸು ಪ್ರಾರ್ಥನೆಯಿಂದ ನಿಂತುಹೋಯಿತು, ಕರ್ತನು ಗುಣಪಡಿಸಿದನು ಎಂದಿದ್ದಳು. ಇಡೀ ಸಭೆ ಸ್ತೋತ್ರ ಸ್ತೋತ್ರ ಎಂದಿತ್ತು. ಸ್ಟೇಶನ್ ಬಜಾರದ ಡಾಕ್ಟರು ಗುಳಿಗೆ ಬದಲಿಸಿ ಕೊಟ್ಟಿದ್ದನ್ನು ಅವಳು ಹೇಳಿರಲಿಲ್ಲ. ಸುಳ್ಳು ಹೇಳಬೇಕೆಂದಲ್ಲ. ಸಾಕ್ಷಿಗೂ ಕುಪ್ಪಸದ ಹಾಗೆ ಒಂದು ಅಳತೆಯಿರುತ್ತದೆ. ಕಷ್ಟ, ಕಣ್ಣೀರು, ಪ್ರಾರ್ಥನೆ, ಬಿಡುಗಡೆ. ಅಳತೆ ಮೀರಿದ ಬಟ್ಟೆಯನ್ನು ಕತ್ತರಿಸಿ ಬದಿಗಿಡುವುದು ಅವಳ ಕೈಯ ರೂಢಿ. ಗುಳಿಗೆಯೂ ದೇವರು ಕೊಟ್ಟದ್ದೇ ಅಲ್ಲವೇ, ಬೇರೆ ಹೇಳುವುದೇನು ಎಂದುಕೊಂಡಿದ್ದಳು. ಅವತ್ತು ಬಾಳೆಗೊನೆಯ ಪಕ್ಕದಲ್ಲಿ ಕೂತಿದ್ದ ಪ್ರೀತಿ, ತಾಯಿಯನ್ನು ಮೊದಲ ಸಲ ನೋಡುವವಳ ಹಾಗೆ ನೋಡುತ್ತಿದ್ದಳು.

"ಪಾಸ್ಟರ್ ಫೋನ್ ಮಾಡಿದ್ರು," ಎಂದ ಆನಂದಕುಮಾರ. "ನಾಳಿ ನೀ ಸಾಕ್ಷಿ ಹೇಳ್ಬೇಕಂತ. ದೇವ್ರು ಪರೀಕ್ಷಾ ಮಾಡಿದ್ರೂ ನಾವು ಬಿಟ್ಟುಕೊಡಲಿಲ್ಲ ಅಂತ. ಜನಕ್ಕ ಧೈರ್ಯ ಬರ್ತದ."

"ನೀವೇ ಹೇಳ್ರಿ."

"ನನಗ ಎಲ್ಲಿ ಬರ್ತದ ಮಾತು? ಪಂಪು ಚಾಲೂ ಮಾಡು, ಬಂದ್ ಮಾಡು ಅಂದ್ರ ಮಾಡ್ತೀನಿ." ಊರಿನ ನೀರಿನ ಟ್ಯಾಂಕಿನ ಪಂಪು ನೋಡಿಕೊಳ್ಳುತ್ತಿದ್ದ ಅವನು ಮೊದಲೆಲ್ಲ ಚರ್ಚಿನಲ್ಲಿ ಪಾಸ್ಟರ ಪ್ರಸಂಗ ಶುರುವಾದರೆ ಗೋಡೆಗೊರಗಿ ತೂಕಡಿಸುತ್ತಿದ್ದ. ಈಗ ಬೆಳಿಗ್ಗೆ ಎದ್ದು ಬೈಬಲಿನ ವಾಕ್ಯದ ಮೇಲೆ ಬೆರಳಿಟ್ಟು ಅಕ್ಷರ ಕೂಡಿಸಿ ಓದುತ್ತಿದ್ದ. ಅವನು ಬಗ್ಗಿ ತನ್ನ ಚಪ್ಪಲಿಯ ಪಟ್ಟಿಯನ್ನು ಮುಟ್ಟಿದ. ಅದು ಹರಿದಾಗ ಪ್ರೀತಿ ತಾಯಿಯ ಡಬ್ಬಿಯಿಂದ ನೇರಳೆ ದಾರ ತೆಗೆದು ಹೊಲಿದು ಕೊಟ್ಟಿದ್ದಳು. ಚಮ್ಮಾರನಿಗೆ ಕೊಡುವ ದುಡ್ಡು ನನಗೇ ಕೊಡು ಅಂತ ಜಗಳ ಬೇರೆ.

"ಪರೀಕ್ಷಾನೇ ಇದು, ಸುಜಾತಾ," ಎಂದ ತಲೆಯೆತ್ತದೆ. "ಆತನೇ ಕೊಟ್ಟ, ಆತನೇ ಕರ್ಕೊಂಡ. ಹಂಗಂತ ತಿಳ್ಕೊಂಡೀನಿ, ಅದಕ್ಕ ಎರಡು ತುತ್ತು ಒಳಗ ಹೋಗಾಕತ್ತಾವ. ಬರೇ ಕಾಲು ಜಾರಿ ಹೋಯ್ತು, ಯಾರೂ ಕರೀಲಿಲ್ಲ ಅಂದ್ರ ನಾ ಹ್ಯಾಂಗ ಬದಕ್ಲಿ ಹೇಳು?"

ಅವಳು ಚೀಲವನ್ನು ಎದೆಗೆ ಒತ್ತಿಕೊಂಡಳು. ಗುಳಿಗೆಗಳು ಒಳಗೆ ಕಿರುಗುಟ್ಟಿದವು.

ಮರುದಿನ ಆರಾಧನೆಗೆ ಮೊದಲು ಪಾಸ್ಟರು ಬಾಗಿಲಲ್ಲೇ ಸಿಕ್ಕರು. ಬೀದರ ಕಡೆಯ ಮನುಷ್ಯ, ಮೆಲುದನಿ. ಮಣ್ಣು ಮಾಡುವ ದಿನ ಪ್ರಾರ್ಥನೆ ನಡುವೆ ಅತ್ತುಬಿಟ್ಟಿದ್ದರು.

"ಪಾಸ್ಟರ್, ಒಂದು ಕೇಳ್ಲೇನ್ರೀ? ದೇವ್ರು ಪರೀಕ್ಷಾ ಮಾಡೂ ಮುಂದ ಮಕ್ಕಳಿಗೂ ಕೇಳ್ತಾನೇನು, ನೀವು ತಯಾರದೀರೇನು ಅಂತ?"

"ದೇವ್ರು ಒತ್ತಾಯ ಮಾಡಂಗಿಲ್ಲಮ್ಮ. ಬೇಕು ಬ್ಯಾಡ ಅನ್ನೋ ಮನಸ್ಸು ಅವ್ರವ್ರಿಗೇ ಕೊಟ್ಟಾನ."

"ಒಬ್ರು ಹೇಳಿದ ಅರ್ಧಾ ಮಾತು ನಂಬಿ ಇನ್ನೊಬ್ರು ಬೇಕು ಅಂದ್ರ? ಅದು ಯಾರ ಮನಸ್ಸು?"

ಪಾಸ್ಟರು ಅವಳ ಮುಖ ನೋಡಿದರು. ಗಂಟೆ ಹೊಡೆಯುತ್ತಿತ್ತು. "ನನಗ ಗೊತ್ತಿಲ್ಲಮ್ಮ," ಎಂದರು ನಿಧಾನಕ್ಕೆ. "ಖರೇನೇ ಗೊತ್ತಿಲ್ಲ."

ಒಳಗೆ ಜಮಖಾನೆಯ ಮೇಲೆ ಸಭೆಯ ಹಿರಿಯ ಹೆಂಗಸು ಹಣಮಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡಿದ್ದಳು. ಸುಜಾತಾಳನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿ, ಅವಳ ಕೈಯನ್ನು ತನ್ನ ಒರಟು ಕೈಗಳಲ್ಲಿ ಹಿಡಿದಳು.

"ಅಳಬ್ಯಾಡ ತಂಗಿ. ಕರಕೊಂಡ್ರೂ ಗುಣಾ ಮಾಡೇ ಕರಕೊಂಡಾನ. ನಿನ್ನ ಸಾಕ್ಷಿ ನಮ್ಮನಿಗೆ ದೀಪ ಆಗ್ಯಾದ ನೋಡು. ಈಕೀಗೂ ಅದೇ ಬ್ಯಾನಿ ಅಲ್ಲಾ? ಹೋದ ವಾರದಿಂದ ಗುಳಿಗಿ ಬಿಡಿಸೀನಿ. ಸುಮ್ಮನ ಪ್ರಾರ್ಥನಾ, ಮತ್ತೇನಿಲ್ಲ."

"ಬಿಡಿಸೀಯಾ?"

"ಹೂಂ. ನಿನ್ನ ನಂಬಿಕಿ ಇದ್ದಂಗ ನಂದೂ ಇರ್ಲಿ ಅಂತ. ಏ ಮುದ್ದಿ, ಅತ್ತೀಗಿ ವಂದನಾ ಹೇಳು."

ಮಗು ಫ್ರಾಕಿನ ಕೊರಳಿನ ಲೇಸನ್ನು ಬಾಯಲ್ಲಿಟ್ಟು ಚೀಪುತ್ತಿತ್ತು. ಆ ಫ್ರಾಕನ್ನು ಸುಜಾತಾಳೇ ಹೊಲಿದಿದ್ದಳು.

ಅವತ್ತಿನ ಪ್ರಸಂಗ, ದೇವರು ಪರೀಕ್ಷೆಗೆ ಕೇಳಿದನೆಂದು ಮಗನನ್ನು ಬಲಿ ಕೊಡಲು ಬೆಟ್ಟ ಹತ್ತಿದ ತಂದೆಯದು. ಸುಜಾತಾ ಚಿಕ್ಕಂದಿನಿಂದ ಕೇಳಿದ ಕತೆ. ಕತ್ತಿ ಎತ್ತಿದ ಹೊತ್ತಿಗೆ ಆಕಾಶದಿಂದ ದನಿಯೊಂದು ತಂದೆಯ ಹೆಸರನ್ನು ಎರಡು ಸಲ ಕೂಗಿ ತಡೆಯುತ್ತದೆ. ಆ ಜಾಗ ಬಂದಾಗ ಗಂಡಸರ ಸಾಲಿನಲ್ಲಿ ಆನಂದಕುಮಾರ ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಗಾಜಿಪುರದ ಬಚ್ಚಲಲ್ಲಿ ಯಾರೂ ಹೆಸರು ಕೂಗಲಿಲ್ಲ. ಕೂಗಿದರೇನೋ, ನಲ್ಲಿಯ ಸದ್ದಿಗೆ ಕೇಳಿಸಿರಲಿಕ್ಕಿಲ್ಲ. ಬೆಟ್ಟದ ಮೇಲಿನ ಹುಡುಗನಾದರೂ ಸೌದೆ ಹೊತ್ತುಕೊಂಡು ದಾರಿಯಲ್ಲಿ ಕೇಳಿದ್ದ, ಬಲಿಗೆ ಕುರಿ ಎಲ್ಲಿದೆ ಎಂದು. ಅವಳ ಮಗಳು ಕೇಳಿರಲಿಲ್ಲ. ಕೇಳುವುದೇನಿತ್ತು? ಹೇಳಿದವಳು ತಾಯಿ.

"ಸಿಸ್ಟರ್ ಸುಜಾತಾ ಸಾಕ್ಷಿ ಹೇಳ್ತಾರೆ," ಎಂದರು ಪಾಸ್ಟರು.

ಅವಳು ಚೀಲ ಹೆಗಲಿಗೆ ಹಾಕಿಕೊಂಡೇ ಮುಂದೆ ಹೋಗಿ ಮೈಕು ಹಿಡಿದು ನಿಂತಳು. "ವಂದನಾ ರೀ ಎಲ್ಲಾರಿಗೂ," ಎಂದಾಗ ಸಭೆ "ವಂದನಾ" ಎಂದಿತು. ಮುಂದಿನ ಮಾತುಗಳು ನಾಲಿಗೆಯ ಮೇಲೆ ಕತ್ತರಿಸಿ ಜೋಡಿಸಿಟ್ಟ ಹಾಗೆ ತಯಾರಾಗಿದ್ದವು. ಕಷ್ಟ, ಕಣ್ಣೀರು, ಪ್ರಾರ್ಥನೆ. ಆನಂದಕುಮಾರ ಕಣ್ಣು ತೆರೆದು, ಮಳೆಗೆ ಕಾದವನ ಹಾಗೆ ಅವಳ ಬಾಯನ್ನೇ ನೋಡುತ್ತಿದ್ದ. ಅವನು ತಿನ್ನುತ್ತಿರುವ ಆ ಎರಡು ತುತ್ತು ಅವಳ ಬಾಯಲ್ಲಿತ್ತು. ಒಂದು ಮಾತು ಸರಿಯಾಗಿ ಹೇಳಿದರೆ ಸಾಕು, ಅವನು ಬದುಕುತ್ತಾನೆ.

ಹಣಮಮ್ಮನ ತೊಡೆಯ ಮೇಲೆ ಮಗು ಲೇಸು ಚೀಪುವುದನ್ನು ಬಿಟ್ಟು ಆಕಳಿಸಿತು.

ಸುಜಾತಾ ಮೈಕನ್ನು ಮೇಜಿನ ಮೇಲಿಟ್ಟಳು. ನಿಂತಲ್ಲಿಂದ ಇಳಿದು ಹೆಂಗಸರ ನಡುವೆ ದಾರಿ ಮಾಡಿಕೊಂಡು ಬಂದು ಹಣಮಮ್ಮನ ಎದುರು ಮೊಣಕಾಲೂರಿದಳು. ಚೀಲದಿಂದ ಟೋಪಿ ತೆಗೆದು ಜಮಖಾನೆಯ ಮೇಲೆ ಬೋರಲು ಮಾಡಿದಳು.

"ಅಕ್ಕ, ಇವು ಪ್ರೀತಿಯವು," ಎಂದಳು. ಸದ್ದಿಲ್ಲದ ಚರ್ಚಿನಲ್ಲಿ ಅವಳ ಸಣ್ಣ ದನಿ ಗೋಡೆಗೋಡೆಗೂ ತಾಗಿತು. "ಅವತ್ತು ಸಾಕ್ಷಿ ಹೇಳೂ ಮುಂದನೂ ಆಕಿ ಇವನ್ನ ತಗೋತಿದ್ಳು. ನಾನೇ ಕೊಡ್ತಿದ್ದೆ. ಹೇಳಲಿಲ್ಲ. ನನ್ನ ಮಾತು ಕೇಳಿ ಆಕಿ ಬಿಟ್ಟಳು. ಜಾರಿ ಬಿದ್ದಿಲ್ಲ ಅಕ್ಕ, ಫಿಟ್ಸ್ ಬಂದು ಬಿದ್ದಾಳ. ಮಗೀಗಿ ಇವತ್ತೇ ಡಾಕ್ಟರಿಗೆ ತೋರಿಸು. ಪ್ರಾರ್ಥನಾ ಬಿಡು ಅನ್ನಂಗಿಲ್ಲ ನಾ. ಗುಳಿಗಿ ಬಿಡಿಸಬ್ಯಾಡ."

ಹಣಮಮ್ಮ ಮೊಮ್ಮಗಳನ್ನು ಎದೆಗೆ ಅವಚಿಕೊಂಡಳು. ಯಾರೂ ಸ್ತೋತ್ರ ಎನ್ನಲಿಲ್ಲ. ಮಗು ಬಗ್ಗಿ ಒಂದು ಪಟ್ಟಿಯನ್ನು ಎತ್ತಿಕೊಂಡು ಬೆಳ್ಳಿಯ ಗುಳ್ಳೆಯನ್ನು ಬೆರಳಲ್ಲಿ ಒತ್ತಿ ನೋಡಿತು.

ಗಂಡಸರ ಸಾಲಿನಲ್ಲಿ ಆನಂದಕುಮಾರ ಎದ್ದು ನಿಂತಿದ್ದ. ಪಾಸ್ಟರ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ಗೋಡೆಯನ್ನು ಹಿಡಿದು ಹಿಡಿದು ಬಾಗಿಲ ಕಡೆ ನಡೆದ.

ಅವಳು ಹೊರಗೆ ಬಂದಾಗ ಅವನು ರಸ್ತೆಗೆ ಇಳಿದಿದ್ದ. ಬಿಸಿಲಿಗೆ ಡಾಂಬರು ಕಾದು ಕಣ್ಣಿಗೆ ನಡುಗುತ್ತಿತ್ತು. ಅವನು ಬರಿಗಾಲಲ್ಲಿ ಅದರ ನಟ್ಟನಡುವೆ ಹೋಗುತ್ತಿದ್ದ. ಬೇಗವೂ ಅಲ್ಲ, ನಿಧಾನವೂ ಅಲ್ಲ. ಹಿಂದೆ ಬಸ್ಸು ಹಾರ್ನ್ ಹೊಡೆದರೂ ಪಕ್ಕಕ್ಕೆ ಸರಿಯಲಿಲ್ಲ. ಬಸ್ಸೇ ಸುತ್ತಿ ಹೋಯಿತು.

ಬಾಗಿಲ ಬಳಿಯ ಚಪ್ಪಲಿಗಳ ರಾಶಿಯಲ್ಲಿ ಸುಜಾತಾ ನೇರಳೆ ದಾರವನ್ನು ಹುಡುಕಿದಳು. ಸಿಕ್ಕ ಮೇಲೆ ಜೋಡಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ತನ್ನ ಚಪ್ಪಲಿ ಮೆಟ್ಟುವುದನ್ನು ಮರೆತು, ಅವನ ಹಿಂದೆ ರಸ್ತೆಗೆ ಇಳಿದಳು.